ಯಂತ್ರ ಹೊಸತು, ಮಳೆಯ ಲೆಕ್ಕ ಹಳೆಯದು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಕಚೇರಿಗಳು ವಿಂಡೋಸ್ 11ರತ್ತ ಸಾಗುತ್ತಿವೆ. ಇದು 64 ಬಿಟ್ ವ್ಯವಸ್ಥೆ. ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯವು. ಮಲೆನಾಡಿನ ಮಳೆಯ ಲೆಕ್ಕ, ಮಣ್ಣು ಪರೀಕ್ಷೆಯ ಫಲಿತಾಂಶಗಳು ಅಂಥ ತಂತ್ರಾಂಶದಲ್ಲೇ ಉಳಿದಿದ್ದರೆ, ಹೊಸ ಯಂತ್ರದಲ್ಲಿ ಅವು ತೆರೆಯಲಾಗದ ಕಡತಗಳಾಗುತ್ತವೆ.

ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಹಳೆಯ ಡಾಸ್ ತಂತ್ರಾಂಶಗಳನ್ನು ಬಹುಮಟ್ಟಿಗೆ ನಡೆಸಬಹುದು. ಆದರೆ ಅದು ಊರುಗೋಲು ಮಾತ್ರ. ಬತ್ತದ ನಾಟಿ ತಳಿ ಕಣಜದಲ್ಲಿದ್ದರೆ ಸಾಲದು; ಕಾಲಕಾಲಕ್ಕೆ ಬಿತ್ತಿ ಬೀಜವನ್ನು ಹೊಸದಾಗಿಸಬೇಕು. ದತ್ತಾಂಶದ ರಕ್ಷಣೆಯೂ ಹಾಗೆಯೇ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅಂಕಿಅಂಶಗಳನ್ನು ಸರಳ ಪಠ್ಯಕ್ಕೂ, ಕನ್ನಡ ಬರಹವನ್ನು ಯೂನಿಕೋಡ್‌ಗೂ ಪರಿವರ್ತಿಸಿಡುವುದು ಕಚೇರಿಗಳ ಹೊಣೆ. ಸುರಿದುಹೋದ ಮಳೆಯನ್ನು ಮತ್ತೆ ಅಳೆಯಲಾಗದು.