ನಮ್ಮ ಆರೋಗ್ಯ: ಸಹಿ ಬೀಳದ ಒಪ್ಪಿಗೆ ಪತ್ರ



ಈ ಸಲದ ವಿಷಯವನ್ನು ನಮ್ಮ ಕೂಟಗಳಲ್ಲಿ ಯಾರೂ ಎತ್ತುವುದಿಲ್ಲ. ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತಿನಲ್ಲಿ ಸೊಪ್ಪು ತರಕಾರಿ ಕೊಂಡು, ಹಾಗೆಯೇ ಸದಸ್ಯರೊಬ್ಬರ ಮನೆಗೆ ಕಾಫಿಗೆ ಹೋಗಿದ್ದೆವು. ಫ್ರಿಜ್ಜಿನ ಮೇಲೆ ಮಗಳ ಶಾಲೆಯಿಂದ ಬಂದ ಒಪ್ಪಿಗೆ ಪತ್ರವೊಂದು ಎರಡು ವಾರದಿಂದ ಸಹಿಯಿಲ್ಲದೆ ಕುಳಿತಿತ್ತು. ಎಚ್.ಪಿ.ವಿ. ಲಸಿಕೆಯದು. "ಹನ್ನೆರಡು ವರ್ಷದ ಮಗುವಿಗೆ ಇದೆಲ್ಲ ಯಾಕೆ? ನಮ್ಮ ಮನೆ ಮಕ್ಕಳು ಅಂಥವರಲ್ಲ" ಎಂದರು ತಾಯಿ. ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. (ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ.)

ಸಂಕೋಚ ನಮಗೂ ಇದೆ. ಆದರೆ ಈ ವೈರಸ್ಸು "ಅಂಥವರು, ಇಂಥವರು" ಎಂದು ನೋಡುವುದಿಲ್ಲ. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಹರಡುವ ಇದು ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ತಗಲುತ್ತದೆ. ಒಬ್ಬರೊಡನೆಯೇ ಬಾಳಿದವರಿಗೂ ಬರಬಹುದು. ಕಾಂಡೋಮ್ ಅಪಾಯವನ್ನು ತಗ್ಗಿಸೀತೇ ಹೊರತು ಪೂರ್ತಿ ತಡೆಯದು. ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದಾದ್ದರಿಂದ, ಇಂದು ಪತ್ತೆಯಾಯಿತೆಂದು ಗಂಡ ಹೆಂಡಿರು ಒಬ್ಬರನ್ನೊಬ್ಬರು ಶಂಕಿಸುವುದು ಅನ್ಯಾಯ.

ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಬಹುಪಾಲು ಜನರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಅಡಗಿಸುತ್ತದೆ. ಸಿಗರೇಟು ಸೇದುವವರಲ್ಲಿ ಇದು ಕಷ್ಟ. ಕೆಲವು ಬಗೆಗಳಿಂದ ಗುಪ್ತಾಂಗದಲ್ಲಿ ನರಹುಲಿ ಏಳುತ್ತದೆ. ಅದಕ್ಕೆ ಮುಲಾಮು ಉಂಟು, ಹೆಪ್ಪುಗಟ್ಟಿಸಿ ತೆಗೆಯುವುದೂ ಉಂಟು. ಕೈಯ ನರಹುಲಿಗೆಂದು ಅಂಗಡಿಯಲ್ಲಿ ಮಾರುವ ಔಷಧವನ್ನಾಗಲಿ ಸುಣ್ಣವನ್ನಾಗಲಿ ದಯವಿಟ್ಟು ಅಲ್ಲಿಗೆ ಹಚ್ಚಬೇಡಿ. ಜಿ.ಪಿ.ಯ ಮುಂದೆ ನಾಚಿಕೆಯಾದರೆ ಎನ್.ಎಚ್.ಎಸ್.ನ ಲೈಂಗಿಕ ಆರೋಗ್ಯ ಕ್ಲಿನಿಕ್ಕಿಗೆ ನೇರವಾಗಿ ಹೋಗಬಹುದು. ದುಡ್ಡಿಲ್ಲ, ಗುಟ್ಟು ಕಾಯುತ್ತಾರೆ.

ಭಯಪಡಬೇಕಾದುದು 16 ಮತ್ತು 18ನೆಯ ಬಗೆಗಳಿಗೆ. ದೇಹದಲ್ಲಿ ಉಳಿದುಬಿಟ್ಟರೆ ಹಲವು ವರ್ಷಗಳ ಮೇಲೆ ಗರ್ಭಕಂಠದ ಕ್ಯಾನ್ಸರಿಗೆ ದಾರಿ. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅದೇ ವರ್ಷ ಇಲ್ಲಿ ಹುಡುಗಿಯರಿಗೆ ಲಸಿಕೆ ಆರಂಭವಾಯಿತು, 2019ರಿಂದ ಹುಡುಗರಿಗೂ. ಹನ್ನೆರಡು-ಹದಿಮೂರರಲ್ಲಿ ಲಸಿಕೆಯ ಅವಕಾಶ ಪಡೆದ ಇಂಗ್ಲೆಂಡಿನ ಹುಡುಗಿಯರಲ್ಲಿ ಈ ಕ್ಯಾನ್ಸರು ಶೇಕಡಾ 87ರಷ್ಟು ಇಳಿದುದನ್ನು 2021ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿತು. ವೈರಸ್ಸು ತಗಲುವ ಮೊದಲೇ ಕೊಟ್ಟರೆ ಫಲ ಹೆಚ್ಚು, ಅದಕ್ಕೇ ಈ ವಯಸ್ಸು. ಮಗುವಿನ ನಡತೆಯ ಮೇಲೆ ಅನುಮಾನವಲ್ಲ. 2023ರ ಸೆಪ್ಟೆಂಬರಿನಿಂದ ಸಾಮಾನ್ಯವಾಗಿ ಒಂದೇ ಚುಚ್ಚುಮದ್ದು ಸಾಕು. ಶಾಲೆಯಲ್ಲಿ ತಪ್ಪಿಹೋದ ಹುಡುಗಿಯರು 25 ತುಂಬುವವರೆಗೆ ಜಿ.ಪಿ.ಯಲ್ಲಿ ಕೇಳಬಹುದು. ಊರಿನ ನಂಟರಿಗೂ ತಿಳಿಸಿ: ಪುಣೆಯ ಸೀರಮ್ ಸಂಸ್ಥೆಯ 'ಸರ್ವಾವ್ಯಾಕ್' 2023ರಲ್ಲಿ ಅಲ್ಲಿ ಬಿಡುಗಡೆಯಾಗಿದೆ.

ಇನ್ನು ಲಸಿಕೆ ಕಾಣದ ನಮ್ಮ ಹೆಂಗಸರು. 25ರಿಂದ 64ರವರೆಗೆ ಸ್ಮಿಯರ್ ಪರೀಕ್ಷೆಗೆ ಕರೆ ಬರುತ್ತದೆ. ಐದು ನಿಮಿಷದ ಕೆಲಸ, ಹೆಂಗಸೇ ಬೇಕೆಂದು ಮೊದಲೇ ಹೇಳಬಹುದು. ಲಸಿಕೆ ಪಡೆದವರೂ ಇದನ್ನು ಬಿಡುವಂತಿಲ್ಲ.

"ನಿಮ್ಮ ಕಾಗದ ಎಲ್ಲಿ?" ಎಂದು ಆ ತಾಯಿಯನ್ನು ಕೇಳಿದೆವು. ನಕ್ಕು ಡ್ರಾಯರು ತೋರಿಸಿದರು. ಮಗಳ ಪತ್ರಕ್ಕೆ ಅಂದೇ ಯಜಮಾನರ ಸಹಿ ಬಿತ್ತು. ತಾಯಿಯದು ಇನ್ನೂ ಡ್ರಾಯರಿನಲ್ಲೇ ಇದೆಯಂತೆ.