ಐವರಲ್ಲಿ ಮೂವರು

ತುರ್ತು ಪರಿಸ್ಥಿತಿಯ ದಿನಗಳವು. ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ. ಡಿ. ಜತ್ತಿಯವರು ಆಗ ಉಪರಾಷ್ಟ್ರಪತಿಗಳಾಗಿದ್ದರು. 1976ರಲ್ಲಿ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾಯಿತು. ರಾಜ್ಯದ ಕಾನೂನನ್ನು ಉಚ್ಚ ನ್ಯಾಯಾಲಯವು ಸಂವಿಧಾನಬಾಹಿರವೆಂದು ಸಾರಬೇಕಾದರೆ ಕನಿಷ್ಠ ಐವರು ನ್ಯಾಯಮೂರ್ತಿಗಳು ಕೂಡಬೇಕು, ಅವರಲ್ಲಿ ಮೂರರಲ್ಲೆರಡು ಪಾಲಿನವರು ಒಪ್ಪಬೇಕು ಎಂಬ ನಿಯಮವೂ ಅದರಲ್ಲಿದ್ದಿತು.

ಜನರು ಆರಿಸಿದ ಶಾಸನಸಭೆಯ ಕಾನೂನನ್ನು ಒಬ್ಬಿಬ್ಬರು ಅಳಿಸಿಹಾಕಬಾರದೆಂಬ ವಾದವು ತಳ್ಳಿಹಾಕುವಂಥದಲ್ಲ. ಗಹನವಾದ ಪ್ರಶ್ನೆಗೆ ಹೆಚ್ಚು ಮಂದಿ ಕುಳಿತು ಯೋಚಿಸುವುದು ಒಳ್ಳೆಯದೇ. ತೊಡಕಿದ್ದುದು ಲೆಕ್ಕದಲ್ಲಿ. ಬನಹಟ್ಟಿಯ ನೇಕಾರನೊಬ್ಬನು ತನ್ನ ಮೂಲಭೂತ ಹಕ್ಕನ್ನು ಕಸಿದ ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋದನೆನ್ನಿ. ಐವರಲ್ಲಿ ಮೂವರು ಅವನ ವಾದವೇ ಸರಿಯೆಂದರೂ ಅವನು ಸೋಲುತ್ತಿದ್ದನು, ನಾಲ್ವರು ಬೇಕಾಗಿದ್ದಿತು. ಇಬ್ಬರ ಮಾತು ಮೂವರ ಮಾತನ್ನು ಮೀರುವುದು ಯಾವ ನ್ಯಾಯ? ಶಾಸನಸಭೆಯಲ್ಲಿ ಬಹುಮತವಿಲ್ಲದವನಿಗಾಗಿಯೇ ಅಲ್ಲವೆ ಮೂಲಭೂತ ಹಕ್ಕುಗಳಿರುವುದು?

ಅಲ್ಪ ಬಹುಮತದ ಬೆಲೆಯನ್ನು ತಿಳಿಯಲು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯನ್ನು ನೋಡಬೇಕು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಸಹ ಕೆಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಹೇಳಿದುದು 13 ಮಂದಿಯಲ್ಲಿ 7 ಮಂದಿಯ ಮತದಿಂದ. ಮೂರರಲ್ಲೆರಡು ಪಾಲೆಂದಿದ್ದರೆ 9 ಮಂದಿ ಬೇಕಾಗುತ್ತಿದ್ದರು.

1978ರಲ್ಲಿ 43ನೆಯ ತಿದ್ದುಪಡಿಯು ಆ ನಿಯಮವನ್ನು ತೆಗೆದುಹಾಕಿತು. ಜತ್ತಿಯವರು ಆಗಲೂ ಉಪರಾಷ್ಟ್ರಪತಿಗಳಾಗಿಯೇ ಇದ್ದರು.