ಚಿತ್ರ ಸಿಕ್ಕಿತು, ಹೆಸರು ಸಿಗಲಿಲ್ಲ

2023ರ ಜೂನ್ ತಿಂಗಳಲ್ಲಿ ಕಾರ್ಕಳ ತಾಲ್ಲೂಕಿನ ಮಾಳ ಪರಿಸರದಲ್ಲಿ ಕಪ್ಪೆ, ಹಾವುಗಳನ್ನು ನೋಡಲೆಂದು ಹೊರಟಿದ್ದ ಗೆಳೆಯರ ಗುಂಪೊಂದಕ್ಕೆ ರಸ್ತೆ ಬದಿಯ ಮಳೆನೀರಿನ ಹೊಂಡದಲ್ಲಿ ಹತ್ತಾರು ಹೊಂಬೆನ್ನಿನ ಕಪ್ಪೆಗಳು ಕಂಡವು. ಅವುಗಳಲ್ಲಿ ಒಂದರ ಪಕ್ಕೆಯ ಮೇಲೆ ಪುಟ್ಟದೊಂದು ಅಣಬೆ ಎದ್ದು ನಿಂತಿತ್ತು. ಕಪ್ಪೆ ಸತ್ತಿರಲಿಲ್ಲ, ಆರಾಮವಾಗಿಯೇ ಕುಳಿತಿತ್ತು. ಗುಂಪಿನವರು ಚಿತ್ರ ತೆಗೆದರು, ಕಪ್ಪೆಯನ್ನು ಅದರ ಪಾಡಿಗೆ ಬಿಟ್ಟು ಬಂದರು. 2024ರ ಆರಂಭದಲ್ಲಿ ಈ ಸಂಗತಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಟಿಪ್ಪಣಿಯಾಗಿ ಪ್ರಕಟವಾದಾಗ ಕುದುರೆಮುಖದ ತಪ್ಪಲಿನ ಆ ಹೊಂಡ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಜೀವಂತ ಕಪ್ಪೆಯ ಮೈಮೇಲೆ ಅಣಬೆ ಮೊಳೆತದ್ದನ್ನು ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ.

ಕಪ್ಪೆಯ ಹೆಸರು ಹೇಳುವುದು ಕಷ್ಟವಾಗಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲೇ ವಿವರಿಸಿದ್ದ ಪ್ರಭೇದವದು. ಆದರೆ ಅಣಬೆ? ಚಿತ್ರವನ್ನು ಕಂಡ ಶಿಲೀಂಧ್ರ ತಜ್ಞರು ಅದು ‘ಮೈಸೀನಾ’ ಎಂಬ ಕುಲಕ್ಕೆ ಸೇರಿದ್ದೆಂದು ಹೇಳಿದರು, ಅಲ್ಲಿಗೆ ನಿಂತರು. ಕೊಳೆತ ಮರ, ತರಗೆಲೆಗಳ ಮೇಲೆ ಬೆಳೆಯುವ ಈ ಕುಲದಲ್ಲಿ ನೂರಾರು ಪ್ರಭೇದಗಳಿವೆ. ಯಾವುದೆಂದು ತೀರ್ಮಾನಿಸಲು ಬೀಜಾಣುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು, ಇಲ್ಲವೇ ವಂಶವಾಹಿಯನ್ನು ಪರೀಕ್ಷಿಸಬೇಕು. ಅಣಬೆಯ ಎಳೆಗಳು ಕಪ್ಪೆಯ ಚರ್ಮದೊಳಕ್ಕೆ ಇಳಿದಿದ್ದವೇ, ಅಥವಾ ಮೈಗೆ ಅಂಟಿದ ಕಸದ ಚೂರಿನಲ್ಲಿ ಬೇರೂರಿದ್ದವೇ ಎಂಬುದೂ ಚಿತ್ರದಿಂದ ತಿಳಿಯುವ ವಿಷಯವಲ್ಲ. ಸಂಶೋಧನೆಯ ಪರವಾನಗಿ ಇಲ್ಲದೆ ಕಾಡುಜೀವಿಯನ್ನು ಹಿಡಿದು ತರುವುದು ಸಲ್ಲದು. ಹಾಗಾಗಿ ಅವರು ಮಾಡಿದ್ದು ಸರಿಯಾದ ಕೆಲಸವೇ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಕೈಗೆ ಮೊಬೈಲ್ ಕ್ಯಾಮೆರಾ ಬಂದ ಮೇಲೆ ನಗರವಾಸಿಗಳ ಪ್ರಕೃತಿ ಪ್ರೀತಿ ಹೊಸದೊಂದು ರೂಪ ತಳೆದಿದೆ. ವಾರಾಂತ್ಯದ ಚಾರಣಕ್ಕೆ ಹೋದವರು ಹೂವು, ಕೀಟ, ಅಣಬೆ, ಹಾವುಗಳ ಚಿತ್ರ ತರುತ್ತಾರೆ, ಅದೇನೆಂದು ಕೇಳುತ್ತಾರೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್ ಇಂದು ಈ ಕೆಲಸದ ಅತಿ ದೊಡ್ಡ ವೇದಿಕೆ. ಭಾರತದ್ದೇ ಆದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಆರಂಭವಾದದ್ದೂ ಅದೇ ವರ್ಷ. ಚಿತ್ರ ಹಾಕಿದ ಕ್ಷಣದಲ್ಲೇ ಯಂತ್ರವೇ ಒಂದು ಹೆಸರನ್ನು ಸೂಚಿಸುವ ಸೌಲಭ್ಯ ಬಂದ ಮೇಲಂತೂ ಹೆಸರು ಎಂಬುದು ಗುಂಡಿ ಒತ್ತಿದರೆ ಸಿಗುವ ವಸ್ತು ಎಂಬ ಭಾವನೆ ಬೇರೂರಿದೆ. ತೊಡಕು ಆರಂಭವಾಗುವುದೇ ಇಲ್ಲಿ.

ಯಂತ್ರ ತಾನು ನೋಡಿದ ಚಿತ್ರಗಳಿಂದ ಕಲಿಯುತ್ತದೆ. ಸಾಕಷ್ಟು ಚಿತ್ರಗಳಿಲ್ಲದ ಪ್ರಭೇದದ ಹೆಸರು ಅದರ ಬಾಯಿಂದ ಬರಲಾರದು. ಬದಲಿಗೆ ಅದನ್ನೇ ಹೋಲುವ, ಹೆಚ್ಚು ಪರಿಚಿತವಾದ ಇನ್ನೊಂದರ ಹೆಸರು ಬರುತ್ತದೆ. ಪಶ್ಚಿಮ ಘಟ್ಟದಂಥ ಕಡೆ ಇದು ಸಣ್ಣ ದೋಷವಲ್ಲ. ಇನ್ನು ಮನುಷ್ಯರ ಒಪ್ಪಿಗೆಯ ಮಾತು. ಐನ್ಯಾಚುರಲಿಸ್ಟ್‌ನಲ್ಲಿ ದಿನಾಂಕ, ಸ್ಥಳ, ಚಿತ್ರ ಇದ್ದು, ಹೆಸರು ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರಿಗೆ ಒಪ್ಪಿದರೆ ದಾಖಲೆಗೆ ‘ಸಂಶೋಧನಾ ದರ್ಜೆ’ ಎಂಬ ಮುದ್ರೆ ಬೀಳುತ್ತದೆ. ಇಬ್ಬರ ಸಮ್ಮತಿಯೇ ಸಾಕು. ಮೊದಲನೆಯವನು ಯಂತ್ರದ ಮಾತನ್ನು ಒಪ್ಪಿ, ಎರಡನೆಯವನು ಮೊದಲನೆಯವನ ಮಾತನ್ನು ಒಪ್ಪಿದರೆ ಅದು ಎಷ್ಟು ಜನರ ಅಭಿಪ್ರಾಯ?

ಹೆಸರು ತಪ್ಪಿದರೆ ಏನಾಯಿತು ಎನ್ನುವವರು ಅಣಬೆಯನ್ನೇ ನೆನೆಯಬಹುದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು 13 ಮಂದಿ ಸತ್ತರು. ಹೆಚ್ಚಿನವರು ಚಹಾ ತೋಟಗಳ ಬಡ ಕುಟುಂಬಗಳವರು. ಅವರು ಯಾವ ಯಂತ್ರವನ್ನೂ ನಂಬಿದವರಲ್ಲ, ಕಣ್ಣಿನ ಪರಿಚಯವನ್ನು ನಂಬಿದವರು. ತಲೆಮಾರುಗಳಿಂದ ಅಣಬೆ ಆಯ್ದು ತಂದವರ ಕಣ್ಣೇ ಮೋಸಹೋಗಬಹುದಾದರೆ, ಮೇಲಿನಿಂದ ತೆಗೆದ ಒಂದೇ ಚಿತ್ರದಿಂದ ಅಣಬೆಯ ಜಾತಕ ಹೇಳುವ ಆತ್ಮವಿಶ್ವಾಸ ಎಲ್ಲಿಂದ ಬರಬೇಕು? ಮಾರಕವಾದ ಅಮಾನಿಟಾ ಕುಲದ ಮುಖ್ಯ ಗುರುತುಗಳಲ್ಲಿ ಒಂದು ಕಾಂಡದ ಬುಡದಲ್ಲಿರುವ ಚೀಲ, ಅದು ಮಣ್ಣಿನೊಳಗಿರುತ್ತದೆ. ಕೊಡೆಯ ಅಡಿಭಾಗ, ಕಾಂಡದ ಬಳೆ, ಬುಡ, ಬೆಳೆದ ನೆಲ ಇವಿಷ್ಟೂ ಇಲ್ಲದ ಚಿತ್ರ ಸುಂದರವಾಗಿರಬಹುದು, ಸಾಕ್ಷ್ಯವಾಗಲಾರದು.

ಹಾವಿನ ವಿಷಯ ಇನ್ನೂ ಹತ್ತಿರದ್ದು. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ದೇಶದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಆದೇಶಿಸಿದ್ದು 2024ರಲ್ಲಿ. ಕಚ್ಚಿದ ಹಾವಿನ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸುವುದು ಇಂದು ಸಾಮಾನ್ಯ. ಹಾವನ್ನು ಕೊಂದು ಚೀಲದಲ್ಲಿ ತರುವುದಕ್ಕಿಂತ ಅದು ಮೇಲು, ನಿಜ. ಆದರೆ ವಿಷವಿಲ್ಲದ ತೋಳಹಾವನ್ನೂ ಪ್ರಾಣಾಂತಕವಾದ ಕಟ್ಟುಹಾವನ್ನೂ ಮಬ್ಬುಗತ್ತಲಿನ ಚಿತ್ರದಲ್ಲಿ ಬೇರ್ಪಡಿಸುವುದು ಪಳಗಿದವರಿಗೂ ಸುಲಭವಲ್ಲ. ಘಟ್ಟದ ತೋಟಗಳಲ್ಲಿ ಕಾಣುವ ಗೂನುಮೂತಿಯ ಕುಳಿಮಂಡಲವನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿದ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ ತಯಾರಾದದ್ದು. ಕುಳಿಮಂಡಲದ ವಿಷಕ್ಕೆ ಅದು ಮದ್ದಲ್ಲ. ವೈದ್ಯರು ಹಾವಿನ ಹೆಸರಿಗಾಗಿ ಕಾಯದೆ ರೋಗಿಯ ಲಕ್ಷಣಗಳನ್ನು ನೋಡಿ, ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂಬ ಸರಳ ಪರೀಕ್ಷೆ ಮಾಡಿ ಚಿಕಿತ್ಸೆ ನಿರ್ಧರಿಸುವುದು ಈ ಕಾರಣಕ್ಕೇ.

ಹಾಗಾದರೆ ಈ ಚಿತ್ರಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಅವುಗಳ ಬೆಲೆ ಜನ ಅಂದುಕೊಂಡಿರುವ ಜಾಗದಲ್ಲಿ ಇಲ್ಲ, ಅಷ್ಟೆ. ಇದಕ್ಕೆ ಕಾಳಿಂಗ ಸರ್ಪಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1836ರಿಂದ ಏಷ್ಯಾದ ಎಲ್ಲ ಕಾಳಿಂಗಗಳೂ ಒಂದೇ ಪ್ರಭೇದವೆಂದು ಎಣಿಸಲ್ಪಟ್ಟಿದ್ದವು. 2021ರ ವಂಶವಾಹಿ ಅಧ್ಯಯನ ಇವುಗಳಲ್ಲಿ ನಾಲ್ಕು ಬೇರೆ ಬೇರೆ ವಂಶಗಳನ್ನು ಕಂಡಿತು. 2024ರಲ್ಲಿ ನಾಲ್ಕಕ್ಕೂ ಬೇರೆ ಬೇರೆ ಹೆಸರು ನಿಶ್ಚಯವಾಯಿತು. ಪಶ್ಚಿಮ ಘಟ್ಟದ ಹಾವಿಗೆ ಸಿಕ್ಕಿದ್ದು ‘ಕಾಳಿಂಗ’ ಎಂಬ ಕನ್ನಡದ ಹೆಸರೇ. ಅಂದರೆ 2024ಕ್ಕೆ ಮೊದಲು ಆಗುಂಬೆಯಲ್ಲಿ ತೆಗೆದ ಪ್ರತಿಯೊಂದು ಕಾಳಿಂಗದ ಚಿತ್ರದ ಅಡಿಯಲ್ಲಿದ್ದ ವೈಜ್ಞಾನಿಕ ನಾಮ ಇಂದು ತಪ್ಪು. ಚಿತ್ರ ತೆಗೆದವರ ದೋಷವೇನೂ ಇಲ್ಲ. ಆದರೆ ‘ಆಗುಂಬೆ’ ಎಂದು ಬರೆದಿದ್ದವರ ಚಿತ್ರಕ್ಕೆ ಹೊಸ ಹೆಸರು ತಾನಾಗಿಯೇ ಹೊಂದಿಕೊಳ್ಳುತ್ತದೆ. ಎಲ್ಲಿಯದೆಂದು ಬರೆಯದವರ ಚಿತ್ರ ಬರೀ ಹಾವಿನ ಚಿತ್ರವಾಗಿ ಉಳಿಯುತ್ತದೆ. ಹೆಸರು ಬದಲಾಗುತ್ತದೆ. ಸ್ಥಳ, ದಿನಾಂಕ ಬದಲಾಗುವುದಿಲ್ಲ.

ಪಕ್ಷಿವೀಕ್ಷಕರು ಇದನ್ನು ಬೇಗ ಅರಿತವರು. 2023ರಲ್ಲಿ ಪ್ರಕಟವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 30 ಸಾವಿರಕ್ಕೂ ಹೆಚ್ಚು ವೀಕ್ಷಕರ ಮೂರು ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳ ಸ್ಥಿತಿಗತಿಯನ್ನು ತೂಗಿ, 178ನ್ನು ತೀವ್ರ ಕಾಳಜಿಯ ಪಟ್ಟಿಗೆ ಸೇರಿಸಿತು. ಹಕ್ಕಿಗಳ ಹೆಸರಿನಲ್ಲಿ ಗೊಂದಲ ಕಡಿಮೆ, ಕೈಪಿಡಿಗಳೂ ಧಾರಾಳ. ಅಣಬೆ, ಜೇಡ, ಹಾವಸೆಗಳಿಗೆ ಆ ಭಾಗ್ಯವಿಲ್ಲ.

ಆದರೆ ಸ್ಥಳದ ಮಾತಿಗೂ ಇನ್ನೊಂದು ಮುಖವಿದೆ. ದಕ್ಷಿಣ ಚೀನಾದ ಹಲ್ಲಿಯೊಂದನ್ನು 1999ರಲ್ಲಿ ವಿಜ್ಞಾನಿಗಳು ಊರು ಸಮೇತ ವಿವರಿಸಿದ್ದೇ ತಡ, ಸಾಕುಪ್ರಾಣಿ ವ್ಯಾಪಾರಿಗಳು ಆ ಜಾಗವನ್ನು ಬರಿದು ಮಾಡಿದರು. ನಮ್ಮ ಗಡಿಯಾಚೆಯ ಗುತ್ತಿಯ ಕಥೆ ಇದಕ್ಕಿಂತ ವಿಚಿತ್ರ. ಉಜ್ವಲ ನೀಲಿ ಬಣ್ಣದ ದೊಡ್ಡ ಜೇಡವೊಂದು ಆ ಊರಿನ ರೈಲ್ವೆಯ ಮರದ ಅಂಗಳದಲ್ಲಿ ಸಿಕ್ಕಿ, 1899ರಲ್ಲಿ ಊರಿನ ಹೆಸರಿನೊಂದಿಗೇ ಪ್ರಸಿದ್ಧವಾಯಿತು. ಅಲ್ಲಿ ಹುಡುಕಿದವರಿಗೆ ಮತ್ತೆ ಸಿಗಲಿಲ್ಲ. ಅದು ಮರದ ದಿಮ್ಮಿಯೊಡನೆ ರೈಲಿನಲ್ಲಿ ಬಂದಿದ್ದ ಅತಿಥಿ! 102 ವರ್ಷಗಳ ನಂತರ, 2001ರಲ್ಲಿ, ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ ಅದರ ನಿಜವಾದ ನೆಲೆ ಪತ್ತೆಯಾಯಿತು. ನೆಲೆ ತಿಳಿದ ಈ ಜೇಡ ಇಂದು ಅಳಿವಿನ ಅಂಚಿನಲ್ಲಿದೆ, ವಿದೇಶಗಳಲ್ಲಿ ಸಾಕುವವರ ಕೈಯಲ್ಲಿ ಧಾರಾಳವಾಗಿದೆ. 2019ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು.

ಈ ಕಾರಣದಿಂದ ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಪ್ರಭೇದಗಳ ಸ್ಥಳವನ್ನು ತಾನಾಗಿಯೇ ಮಸುಕುಗೊಳಿಸುತ್ತದೆ. ಸುಮಾರು 22 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಎಂದಷ್ಟೇ ತೋರಿಸುತ್ತದೆ. ಒಳ್ಳೆಯ ಕ್ರಮವೇ. ಆದರೆ ಯಂತ್ರಕ್ಕೆ ಅಪಾಯದ ಪಟ್ಟಿ ಗೊತ್ತು, ಪಟ್ಟಿಗೇ ಬಾರದ ಜೀವಿ ಗೊತ್ತಿಲ್ಲ. ಹೆಸರಿಲ್ಲದ, ಅಥವಾ ತಪ್ಪು ಹೆಸರಿನ ಜೀವಿಗೆ ಈ ಮರೆ ಇಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಕಾಡುಪಾಪದ ಚಿತ್ರಕ್ಕೆ ಹಳ್ಳಿಯ ಹೆಸರನ್ನು ಹೆಮ್ಮೆಯಿಂದ ಅಂಟಿಸುವವರನ್ನು ತಡೆಯುವ ವ್ಯವಸ್ಥೆಯೂ ಇಲ್ಲ.

ಮರೆಮಾಚಿದ್ದೇ ಒಳಿತೆಂದು ಕೈ ತೊಳೆದುಕೊಳ್ಳಲೂ ಆಗದು. ಉಡುಪಿ ಜಿಲ್ಲೆಯದೇ ಇನ್ನೊಂದು ಕಪ್ಪೆ ಇದಕ್ಕೆ ಸಾಕ್ಷಿ. ಮಣಿಪಾಲದ ಮುರಕಲ್ಲು ಹಾಸಿನ ಮೇಲೆ ಹವ್ಯಾಸಿಗಳು ಜೀವಿಗಳನ್ನು ದಾಖಲಿಸುತ್ತಿದ್ದಾಗ ಹೆಬ್ಬೆರಳ ಉಗುರಿನಷ್ಟಿರುವ, ಜೀರುಂಡೆಯಂತೆ ಕೂಗುವ ಕಪ್ಪೆಯೊಂದು ಗಮನ ಸೆಳೆಯಿತು. ಕೂಗು, ಮೈಯಳತೆ, ವಂಶವಾಹಿಗಳನ್ನು ಪರಿಶೀಲಿಸಿದ ಬಳಿಕ 2016ರಲ್ಲಿ ಅದು ಹೊಸ ಪ್ರಭೇದವೆಂದು ಸ್ಥಾಪಿತವಾಗಿ, ನೆಲದ ಹೆಸರನ್ನೇ ಪಡೆದು ‘ಮೈಕ್ರೊಹೈಲಾ ಲ್ಯಾಟರೈಟ್’ ಆಯಿತು. ಈ ಮುರಕಲ್ಲು ಹಾಸುಗಳು ಸರ್ಕಾರಿ ಲೆಕ್ಕದಲ್ಲಿ ಬಂಜರು ಭೂಮಿ! ಬಂಜರು ಎಂದ ಮೇಲೆ ಅಲ್ಲಿ ಕಲ್ಲು ಕೋರೆ, ಕಟ್ಟಡ, ಕಸದ ರಾಶಿ ಯಾವುದಕ್ಕೂ ಅಡ್ಡಿ ಇರದು. ಅಲ್ಲೊಂದು ಜೀವಿ ಇದೆ ಎಂದು ಹೇಳಬಲ್ಲ ದಾಖಲೆಗೆ ನಿಖರವಾದ ಸ್ಥಳ ಬೇಕೇ ಬೇಕು.

ಕಾನೂನಿನಲ್ಲಿ ಅಂಥ ದಾಖಲೆಗೆ ಜಾಗವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ವರ್ಷಗಟ್ಟಲೆ ಯಾರೂ ಇದನ್ನು ಕೇಳಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗದರಿ, 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದ ಮೇಲೆ ದೇಶದಾದ್ಯಂತ ದಾಖಲಾತಿಗಳು ಲಕ್ಷಗಟ್ಟಲೆ ಹುಟ್ಟಿಕೊಂಡವು. ಗಡುವಿಗೆ ಹೆದರಿ ಹುಟ್ಟಿದ ಪಟ್ಟಿಯಲ್ಲಿ ಒಂದು ಪಂಚಾಯಿತಿಯ ಗಿಡಮರಗಳೇ ಪಕ್ಕದ ಪಂಚಾಯಿತಿಯಲ್ಲೂ ಅದೇ ಕ್ರಮದಲ್ಲಿ ಬೆಳೆದಿದ್ದರೆ ಅಚ್ಚರಿ ಪಡಬೇಕಿಲ್ಲ.

ಒಂದೆಡೆ ಸ್ಥಳ, ದಿನಾಂಕ ಸಮೇತ ಜನರೇ ಸ್ವಂತ ಖರ್ಚಿನಲ್ಲಿ ತೆಗೆದ ಚಿತ್ರಗಳ ರಾಶಿ; ಇನ್ನೊಂದೆಡೆ ಕಾನೂನಿನ ಬಲವಿರುವ, ಚಿತ್ರವಿಲ್ಲದ ಪಟ್ಟಿಗಳ ರಾಶಿ. ಇವೆರಡರ ನಡುವೆ ಇರಬೇಕಾದವನು ನೋಡಿ ಹೆಸರು ಹೇಳಬಲ್ಲ, ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಬರೆಯಬಲ್ಲ ಮನುಷ್ಯ. ಮಾಳದ ಅಣಬೆಯ ವಿಷಯದಲ್ಲಿ ತಜ್ಞರು ಕುಲದ ಹೆಸರಿಗೇ ನಿಂತದ್ದು ಅಂಥ ಶಿಸ್ತು. ಇಂದು ಆ ಕೆಲಸದ ಬಹುಪಾಲು ನಡೆಯುತ್ತಿರುವುದು ಸಂಬಳವಿಲ್ಲದ ಸ್ವಯಂಸೇವಕರ ರಾತ್ರಿಯ ಬಿಡುವಿನಲ್ಲಿ. ವರ್ಗೀಕರಣ ಶಾಸ್ತ್ರ ಓದಿದವನಿಗೆ ಕೆಲಸ ಸಿಗದು ಎಂಬುದು ಕಾಲೇಜುಗಳಲ್ಲಿ ಹಳೆಯ ಮಾತು. ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಸೂಕ್ಷ್ಮದರ್ಶಕಗಳಿವೆ, ವಿದ್ಯಾರ್ಥಿಗಳಿದ್ದಾರೆ. ಸುತ್ತಲಿನ ನಾಲ್ಕಾರು ಪಂಚಾಯಿತಿಗಳ ದಾಖಲಾತಿಯನ್ನು ಅಂಥ ಒಂದೊಂದು ಕಾಲೇಜಿಗೆ ಒಪ್ಪಿಸಿ, ಪಟ್ಟಿಯ ಪ್ರತಿ ಹೆಸರಿನ ಮುಂದೆ ಚಿತ್ರ, ದಿನಾಂಕ, ಗುರುತಿಸಿದವರ ಸಹಿ ಇದೆಯೇ ಎಂದು ಪರಿಶೀಲಿಸಲು ರಾಜ್ಯ ಜೀವವೈವಿಧ್ಯ ಮಂಡಳಿಗೆ ಹೊಸ ಕಾಯ್ದೆ ಬೇಕಿಲ್ಲ. ಅಪರೂಪದ ಜೀವಿಗಳ ನಿಖರ ಸ್ಥಳವನ್ನು ಮಂಡಳಿಯ ಕಡತದಲ್ಲಷ್ಟೇ ಇರಿಸಿಕೊಂಡು, ಗಣಿ, ರಸ್ತೆ, ಅಣೆಕಟ್ಟುಗಳ ಅರ್ಜಿ ಬಂದಾಗ ತೆರೆದು ನೋಡಿದರಾಯಿತು. ಮುಂದಿನ ಮಳೆಗಾಲಕ್ಕೆ ಮುನ್ನ ಕರಾವಳಿಯ ಮುರಕಲ್ಲು ಹಾಸುಗಳಿರುವ ಪಂಚಾಯಿತಿಗಳಿಂದಲೇ ಇದನ್ನು ಆರಂಭಿಸಬಹುದು.